ಯಾರಾದರೂ ಒಬ್ಬರು ಬರುತ್ತಾರೆ

ಹೊಳೆಯ ಈಚೆಗೂ ಆಚೆಗೂ ಮಾತು ಒಂದೇ, ಸರ್ಕಾರ ಮಾತ್ರ ಬೇರೆ. ಆಚೆ ದಡದಲ್ಲಿ ಸರ್ಕಾರ ಬಾಗಿಲು ತಟ್ಟಿತೆಂದರೆ ಏನನ್ನೋ ಕಿತ್ತುಕೊಂಡು ಹೋಗಲು ಬಂದಿದೆ ಎಂದೇ ಅರ್ಥ. ಈಚೆ ದಡದಲ್ಲಿ ಅದು ಚಪ್ಪಲಿ ಹೊರಗೆ ಬಿಟ್ಟು, “ಒಳಗೆ ಬರಬಹುದಾ?” ಎಂದು ಕೇಳಿತು. ಆಚೆಯಿಂದ ಬಂದಿದ್ದ ದರ್ಜಿಯಮ್ಮನಿಗೆ ಇದರಿಂದ ಭಯ ಇನ್ನಷ್ಟು ಹೆಚ್ಚಾಯಿತು.

ಅವಳು ಈ ದಡದಲ್ಲಿದ್ದ ತಮ್ಮನ ಮನೆಗೆ ಬಂದಿದ್ದು ಅವನ ಮಗಳನ್ನು ಕರೆದುಕೊಂಡು ಹೋಗಲು. ಲಿಫ್ಟ್ ರಿಪೇರಿ ಮಾಡುತ್ತಿದ್ದ ತಮ್ಮ ತಿಂಗಳುಗಟ್ಟಲೆ ನರಳಿ ಹೋದ ವಾರ ತೀರಿಕೊಂಡಿದ್ದ. ಅವನ ಹೆಂಡತಿ ಸತ್ತಿದ್ದು ಮಗು ಹಾಲು ಬಿಡುವ ಮೊದಲೇ. ಉಳಿದವಳು ಈ ಹತ್ತು ವರ್ಷದ ಹುಡುಗಿ. ಪೆನ್ಸಿಲ್ಲಿನ ತುದಿಯನ್ನೆಲ್ಲ ಕಡಿಯುತ್ತಾಳೆಂದು ಅಪ್ಪ ಇಟ್ಟ ಹೆಸರು ಇಲಿಮರಿ. ದರ್ಜಿಯಮ್ಮನ ಊರಿನಲ್ಲಾದರೆ ಅತ್ತೆ ಮಗುವಿನ ಕೈ ಹಿಡಿದು ನಡೆದರೆ ಆಯಿತು, ಕೇಳುವವರು ಯಾರು? ಇಲ್ಲಿ ಫೋನಿನಲ್ಲಿ ಯಾರೋ, “ಮಗು ಸದ್ಯಕ್ಕೆ ನಮ್ಮ ಜವಾಬ್ದಾರಿ” ಅಂದಿದ್ದರು. ನಿನ್ನ ಮೂಗು ಸದ್ಯಕ್ಕೆ ನಮ್ಮದು ಅಂದಷ್ಟು ವಿಚಿತ್ರವಾಗಿ ಕೇಳಿಸಿತು ಅವಳಿಗೆ.

ಮಕ್ಕಳ ಇಲಾಖೆಯ ಅಧಿಕಾರಿ ಚಿಕ್ಕ ವಯಸ್ಸಿನವಳು. ನೆಗಡಿಯಿಂದ ಮೂಗು ಕೆಂಪಾಗಿತ್ತು. ಕುರ್ಚಿಯ ತುದಿಯಲ್ಲಿ ಕುಳಿತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ದರ್ಜಿಯಮ್ಮ ಚಹಾ ತಂದಿಟ್ಟಳು.

“ಬೇಡಮ್ಮ, ಕೆಲಸದ ಮೇಲೆ ಬಂದಾಗ ಏನೂ ತಗೊಳ್ಳೋ ಹಾಗಿಲ್ಲ.”

ಚಹಾ ಬೇಡವೆನ್ನುವ ಅಧಿಕಾರಿ ಚಹಾದಲ್ಲಿ ತೃಪ್ತಿಯಾಗುವವನಲ್ಲ ಎಂಬುದು ದರ್ಜಿಯಮ್ಮನ ಅನುಭವ.

“ಮನೇಲಿ ಯಾರ್ಯಾರಿದ್ದೀರಿ?”

“ನಾನು, ನಮ್ಮನೆಯವರು. ಮಕ್ಕಳಾಗಲಿಲ್ಲ.”

“ಅವರೇನು ಮಾಡ್ತಾರೆ?”

“ಅಂಗಡಿ ನೋಡ್ಕೋತಾರೆ. ಈಗಲೂ ಅಂಗಡಿಯಲ್ಲೇ ಇದ್ದಾರೆ.”

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬಂತು ಸುಳ್ಳು. ಎರಡು ವರ್ಷದ ಅಭ್ಯಾಸ. ಗಂಡನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಹೊಲಿಗೆ ಅಂಗಡಿಯ ಪರವಾನಗಿ ಅವನ ಹೆಸರಿನಲ್ಲಿ. ಅವನಿಗೆ ನಿಲ್ಲಲಾಗದೆಂದು ಮಾರುಕಟ್ಟೆ ಕಚೇರಿಗೆ ತಿಳಿದರೆ ಮರುದಿನವೇ ಅಂಗಡಿ ಇನ್ನೊಬ್ಬರ ಪಾಲು. ಹಾಗಾಗಿ ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ಪಕ್ಕದಂಗಡಿಯ ಬೀಗದವನು, “ಈಗ ತಾನೇ ದಾರ ತರೋಕೆ ಹೋದ್ರಲ್ಲ” ಅನ್ನುತ್ತಿದ್ದ. ತರಕಾರಿಯವಳು, “ಅಯ್ಯೋ, ಒಂದೇ ನಿಮಿಷದಲ್ಲಿ ತಪ್ಪಿಹೋದ್ರಲ್ಲ ಸಾರ್!” ಎಂದು ಲೊಚಗುಟ್ಟುತ್ತಿದ್ದಳು. ಬೀದಿಗೆ ಬೀದಿಯೇ ಒಂದು ಬಾಯಿ. ಸರ್ಕಾರದ ಮುಂದೆ ನಿಜ ಹೇಳುವವನನ್ನು ಆ ಬೀದಿ ಸತ್ಯವಂತ ಅನ್ನುತ್ತಿರಲಿಲ್ಲ, ಮನೆಮುರುಕ ಅನ್ನುತ್ತಿತ್ತು.

“ಇಲ್ಲ ಅಕ್ಕ,” ಅಂದಳು ಅತ್ತೆಯ ಪಕ್ಕ ಕೂತಿದ್ದ ಇಲಿಮರಿ. “ಮಾವಂಗೆ ಏಳೋಕೇ ಆಗಲ್ಲ. ಮಿಷಿನ್ ಹಿಂದಿನ ಕೋಣೇಲಿ ಮಂಚದ ಮೇಲೆ ಮಲಗಿರ್ತಾರೆ. ರಜಕ್ಕೆ ಹೋದಾಗ ಗಂಜಿ ಕುಡಿಸೋದು ನಾನೇ.”

ದರ್ಜಿಯಮ್ಮ ಮೇಜಿನ ಕೆಳಗೆ ಕೈ ಹಾಕಿದಳು.

“ಯಾಕತ್ತೆ ಚಿವುಟ್ತೀಯ?” ಎಂದು ಹುಡುಗಿ ಗಟ್ಟಿಯಾಗಿಯೇ ಕೇಳಿ, ಮತ್ತೆ ಅಧಿಕಾರಿಯ ಕಡೆ ತಿರುಗಿದಳು. “ಅಪ್ಪಂಗೆ ಹುಷಾರಿಲ್ಲದಾಗ ನೀವು ದಿನಾ ಬೆಳಿಗ್ಗೆ ನರ್ಸ್ ಕಳಿಸ್ತಿದ್ರಲ್ಲ, ಮಾವಂಗೂ ಹಾಗೇ ಕಳಿಸಿ. ಅವರನ್ನ ಮಗ್ಗುಲು ತಿರುಗಿಸಿ ತಿರುಗಿಸಿ ಅತ್ತೆ ಸೊಂಟ ಹಿಡ್ಕೊಂಡುಬಿಟ್ಟಿದೆ. ಪಾಪ, ಅವಳಿಗೆ ನಿಮ್ಮನ್ನ ಕೇಳೋಕೆ ನಾಚಿಕೆ.”

ಅಧಿಕಾರಿ ಪೆನ್ನು ಕೆಳಗಿಟ್ಟಳು.

“ಹೊಳೆಯಾಚೆಗೆ ನಾವು ಕಳಿಸೋ ಹಾಗಿಲ್ಲ, ಮರಿ.”

“ಹಾಗಾದ್ರೆ ಅಲ್ಲಿ ಯಾರಿಗೆ ಹೇಳಬೇಕು?”

ಗೋಡೆಯಾಚೆ ಲಿಫ್ಟು ಇಳಿಯುವ ಸದ್ದು ಕೇಳಿಸಿತು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

“ನಿಜಾನಾ ಅಮ್ಮ?”

“ಹೂಂ.”

“ನೀವು ಇಲ್ಲಿದ್ದೀರಿ. ಈಗ ಅವರನ್ನ ಯಾರು ನೋಡ್ಕೋತಿದ್ದಾರೆ?”

“ಬೀದಿ.”

“ಬೀದಿ ಅಂದ್ರೆ?”

“ಬೀದಿ ಅಂದ್ರೆ ಬೀದಿ, ಮೇಡಂ. ಬೆಳಿಗ್ಗೆ ಬೀಗದವರು ಬಂದು ಮೈ ಒರೆಸ್ತಾರೆ. ಮಧ್ಯಾಹ್ನ ತರಕಾರಿಯವಳು ಊಟ ಮಾಡಿಸ್ತಾಳೆ, ಜೊತೆಗೆ ನಾಲ್ಕು ಬೈಗುಳಾನೂ. ನಮ್ಮನೆಯವರಿಗೆ ಅದಿಲ್ದೆ ಅನ್ನ ಇಳಿಯಲ್ಲ.”

ಅಧಿಕಾರಿ ನಕ್ಕಳು. ನಕ್ಕದ್ದು ಸೀನಾಗಿ ಹೊರಬಂತು. ಮೂಗು ಒರೆಸಿಕೊಂಡು ಕೇಳಿದಳು. “ನಾಳೆ ನಿಮಗೇ ಏನಾದ್ರೂ ಆಯ್ತು ಅನ್ಕೊಳ್ಳಿ. ಮಗೂನ ಯಾರು ನೋಡ್ಕೋತಾರೆ?”

“ಅವರೇ.”

“ಅವರಲ್ಲಿ ಒಬ್ಬರ ಹೆಸರು ಹೇಳಿ. ಬರದೇ ಹೋದ್ರೆ, ಯಾಕೆ ಬರಲಿಲ್ಲ ಅಂತ ನಾವು ಕೇಳೋ ಅಂಥವರು.”

“ಬರದೇ ಹೇಗಿರ್ತಾರೆ?”

ಅಂದುಬಿಟ್ಟಳೇನೋ ಸರಿ, ಅಂದ ಮೇಲೆ ಒಂದು ಹಳೆಯ ಸಂಗತಿ ನೆನಪಾಯಿತು. ಅವರ ಬೀದಿಯಲ್ಲಿ ಹಿಂದೊಮ್ಮೆ ಒಬ್ಬಳು ಅಜ್ಜಿಯಿದ್ದಳು, ಹಿಂದುಮುಂದಿಲ್ಲದವಳು. ಸರದಿಯ ಮೇಲೆ ಎಲ್ಲರೂ ಅನ್ನ ಕೊಡುತ್ತಿದ್ದರು, ಪ್ರೀತಿಯಿಂದಲೇ. ಒಂದು ಬೇಸಿಗೆಯಲ್ಲಿ ಸರದಿ ತಪ್ಪಿತು. ಅವರ ಮನೆಯಲ್ಲಿ ಉಂಡಿರುತ್ತಾಳೆಂದು ಇವರು, ಇವರ ಮನೆಯಲ್ಲಿ ಉಂಡಿರುತ್ತಾಳೆಂದು ಅವರು. ಬಾಗಿಲು ತೆರೆದಾಗ ಅಜ್ಜಿ ಇರಲಿಲ್ಲ, ಅಜ್ಜಿಯ ಹೆಣವಿತ್ತು. ಬೀದಿಯೆಲ್ಲ ಅತ್ತಿತು. ದರ್ಜಿಯಮ್ಮನೂ ಅತ್ತಿದ್ದಳು. ತಪ್ಪು ಯಾರದೆಂದು ಯಾರೂ ಕೇಳಲಿಲ್ಲ, ಏಕೆಂದರೆ ತಪ್ಪು ಯಾರದೂ ಆಗಿರಲಿಲ್ಲ.

ಬೀಗದವನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಹುಡುಗಿ ತನ್ನವಳು. ಹೇಳಿದ್ದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಇಲಿಮರಿ ಮಾತ್ರ ಅಧಿಕಾರಿಯನ್ನು ನೋಡುವುದು ಬಿಟ್ಟು ಅತ್ತೆಯನ್ನೇ ನೋಡುತ್ತಿದ್ದಳು.

“ಯಾರ ಹೆಸರೂ ಹೇಳೋಕಾಗಲ್ಲ, ಮೇಡಂ,” ಅಂದಳು ದರ್ಜಿಯಮ್ಮ.

ಅಧಿಕಾರಿ ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ, ಗಂಡನನ್ನು ಈ ದಡಕ್ಕೆ ಕರೆತಂದರೆ ಎಲ್ಲರೂ ಒಟ್ಟಿಗಿರಬಹುದು, ಅರ್ಜಿ ಹಾಕಬಹುದು ಅಂದಳು.

“ಅಂಗಡಿ ಹೋಗುತ್ತೆ. ಇಲ್ಲಿ ನನಗೆ ಹೊಲಿಯೋಕೆ ಬಿಡ್ತಾರೋ ಇಲ್ವೋ. ಅವರಂತೂ ಒಪ್ಪಲ್ಲ. ಬೀದಿಯ ಗಲಾಟೆ ಕೇಳದಿದ್ರೆ ಅವರಿಗೆ ಬದುಕಿದ್ದೀನಿ ಅಂತಾನೇ ಅನ್ನಿಸಲ್ಲ.”

“ಹಾಗಾದ್ರೆ ಹುಡುಗಿ ಇಲ್ಲೇ ಇರಬೇಕಾಗುತ್ತೆ. ಪಕ್ಕದ ಬೀದೀಲಿ ಒಂದು ಮನೆಯಿದೆ, ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು. ಒಳ್ಳೆಯವರು. ನೀವು ಯಾವಾಗ ಬೇಕಾದ್ರೂ ಬಂದು ನೋಡಬಹುದು.”

ದರ್ಜಿಯಮ್ಮ ಬಾಗಿಲವರೆಗೂ ಅವಳ ಹಿಂದೆ ಹೋದಳು.

“ಹುಡುಗಿ ಹೇಗಿದ್ದಾಳೆ ಅಂತ ನೋಡೋಕೆ ನೀವೇ ಬರ್ತೀರಾ?”

“ನನಗೆ ವರ್ಗ ಆಗಬಹುದಮ್ಮ. ಆದ್ರೆ ಪ್ರತಿ ತಿಂಗಳು ಯಾರಾದ್ರೂ ಒಬ್ಬರು ಬಂದೇ ಬರ್ತಾರೆ.”

“ಯಾರು?”

“ಅದು ಈಗ ಗೊತ್ತಿಲ್ಲ. ಬರ್ತಾರೆ ಅನ್ನೋದು ಗೊತ್ತು.” ಅವಳು ಚಪ್ಪಲಿ ಮೆಟ್ಟಿಕೊಂಡಳು.

ದರ್ಜಿಯಮ್ಮ ಹೊಸಿಲಲ್ಲೇ ನಿಂತಳು. ತನ್ನ ಬೀದಿಯಲ್ಲಿ ಯಾರು ಬರುತ್ತಾರೆಂದು ಗೊತ್ತು, ಬಂದೇ ಬರುತ್ತಾರೆಂದು ಮಾತ್ರ ಗೊತ್ತಿಲ್ಲ. ಯಾವುದನ್ನು ನಂಬಿ ಒಂದು ಮಗುವನ್ನು ಒಪ್ಪಿಸಬೇಕು? ಎರಡನ್ನೂ ತೂಗಿ ನೋಡಲು ಅವಳ ಹತ್ತಿರ ಇದ್ದದ್ದು ಒಂದೇ ಮಗು.

ಒಳಗೆ ಇಲಿಮರಿ ಅಳುತ್ತಿದ್ದಳು. “ನಾನು ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ ಬರ್ತಾರೆ ಅಂತ ಗೊತ್ತಿರೋಳು ಹೇಳ್ದೆ ಇರ್ತಾಳಾ? ನನಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಮೂಗು ಒರೆಸ್ಕೋ. ಆ ಮೇಡಂ ನೆಗಡಿ ನಿನಗೂ ಅಂಟಿದೆಯೋ ಏನೋ.”

ಅವಳು ಹುಡುಗಿಯ ಫ್ರಾಕುಗಳನ್ನೆಲ್ಲ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲವೂ ಮಂಡಿಯ ಮೇಲಕ್ಕೆ ಬಂದಿದ್ದವು. ಕೆಳಗಿನ ಮಡಿಕೆ ಬಿಚ್ಚಿ, ಸಾಲದ್ದಕ್ಕೆ ಅಪ್ಪನ ಶರಟಿನ ಬಟ್ಟೆ ಸೇರಿಸಿ, ಸಂಜೆಯವರೆಗೂ ಕೈಯಲ್ಲೇ ಹೊಲಿದಳು. ಆಮೇಲೆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು.

“ನೋಡು, ಇಲ್ಲಿ ಒಳಗೆ ಎರಡು ಮಡಿಕೆ ಇಟ್ಟಿದ್ದೀನಿ. ಮಂಡಿ ಕಾಣೋಕೆ ಶುರುವಾದ್ರೆ ಒಂದನ್ನ ಬಿಚ್ಚು. ಮತ್ತೆ ಗಿಡ್ಡ ಆದಾಗ ಇನ್ನೊಂದು.”

“ನೀನೇ ಬಂದು ಬಿಚ್ಚಲ್ವಾ?”

“ಬರ್ತೀನಿ. ತಡವಾದ್ರೆ ಅಂತ.”

ಇಲಿಮರಿ ಸೂಜಿಯ ಮೊನೆಯನ್ನು ದಾರದ ಕೆಳಗೆ ತೂರಿಸಿ ನಿಧಾನವಾಗಿ ಎಳೆದಳು. ಒಂದು ಕಡೆಯ ಹೊಲಿಗೆ ಬಿಚ್ಚಿಕೊಂಡಿತು. ದರ್ಜಿಯಮ್ಮ ಅದನ್ನು ಮತ್ತೆ ಹೊಲಿದು ಅವಳ ಕೈಗೆ ಕೊಟ್ಟಳು.

“ಇನ್ನೊಂದ್ಸಲ ಬಿಚ್ಚು,” ಅಂದಳು.