ಮೆಟ್ಟಿಲ ತಿರುವಿನ ಲೆಕ್ಕ

"ನಿಧಾನ, ಬಲಕ್ಕೆ ವಾಲಿಸಿ," ಎಂದು ಇಂಜಿನಿಯರ್ ಹೇಳುವಷ್ಟರಲ್ಲಿ ಶವಪೆಟ್ಟಿಗೆ ಮೇಲಂತಸ್ತಿನ ಮನೆಯ ಹೊಸಿಲು ದಾಟಿ, ಮೆಟ್ಟಿಲ ಕಡೆ ತಿರುಗಲಾಗದೆ ಸಿಕ್ಕಿಹಾಕಿಕೊಂಡಿತು. ಹೊತ್ತ ನಾಲ್ವರೂ ಒಳಗೆ ಮಲಗಿದ್ದ ಗಣಿತದ ಮೇಡಂ ಅವರ ಹಳೆಯ ವಿದ್ಯಾರ್ಥಿಗಳು. ಈಗ ತಲೆ ನರೆತವರು.

"ಒಳಗೆ ತರುವಾಗ ಬಂತಲ್ಲೋ," ಎಂದಳು ಡಾಕ್ಟರ್.

"ಆಗ ಖಾಲಿ ಇತ್ತು, ನಿಲ್ಲಿಸ್ಕೊಂಡು ತಂದ್ವಿ," ಎಂದ ಇಂಜಿನಿಯರ್.

"ಈಗ್ಲೂ ನಿಲ್ಲಿಸೋಣ," ಎಂದ ಬೇಕರಿಯವನು.

"ಬೇಡಪ್ಪ," ಎಂದರು ಮೇಡಂ ಅವರ ತಮ್ಮ. "ಪಾಠ ಮಾಡೋಕೆ ನಿಂತುಬಿಟ್ರೆ ಅಕ್ಕ ಇವತ್ತು ಮುಗಿಸಲ್ಲ."

ಒಳಗೆ ಅಳುತ್ತಿದ್ದವರೂ ನಕ್ಕರು.

*

ಈ ನಾಲ್ವರು ಓದುತ್ತಿದ್ದ ಕಾಲದಲ್ಲಿ ಒಮ್ಮೆ ಶಾಲೆಯಲ್ಲಿ ಊಟದ ಗಂಟೆ ಹೊಡೆದಾಗ ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ ಒಬ್ಬ ಹುಡುಗಿಯ ಕೈ ಮುರಿದಿತ್ತು. ಮಕ್ಕಳು ಎಷ್ಟು ಹೊತ್ತಿನಲ್ಲಿ ಇಳಿಯಬಹುದು ಎಂಬುದಕ್ಕೆ ಒಂದು ಗಣಿತದ ಮಾದರಿ ಕಟ್ಟಿ ಎಂದು ಮೇಡಂ ತರಗತಿಗೆ ಹೇಳಿದರು. ಈ ನಾಲ್ವರು ಸಮೀಕರಣ ಬರೆದು ಉತ್ತರ ಹಿಡಿದು ತಂದರು. ಗಂಟೆ ಹೊಡೆಯಿತು, ಮಕ್ಕಳು ಇಳಿಯಲು ಅವರ ಉತ್ತರದ ಎರಡರಷ್ಟು ಹೊತ್ತು ಹಿಡಿಯಿತು.

ನಾಲ್ವರ ಮುಖವೂ ಬಾಡಿತು. ಮೇಡಂಗೆ ಮಾತ್ರ ಖುಷಿಯೋ ಖುಷಿ.

"ಲೆಕ್ಕ ಸರಿಯಾಗೇ ಇದೆ. ಹಾಗಾದ್ರೆ ಏನನ್ನ ಬಿಟ್ಟಿದ್ದೀರಿ? ಹೋಗಿ ನೋಡ್ಕೊಂಡು ಬನ್ನಿ."

ಅವರು ಮೆಟ್ಟಿಲ ಮೇಲೆ ಕೂತು ನೋಡಿದರು. ಒಬ್ಬಳು ಬೂಟಿನ ದಾರ ಕಟ್ಟಲು ಬಗ್ಗಿದರೆ ಗೆಳತಿಯರೆಲ್ಲ ಅವಳಿಗಾಗಿ ನಿಲ್ಲುತ್ತಿದ್ದರು.

"ಮಕ್ಕಳನ್ನ ಕಾಳುಗಳ ಹಾಗೆ ಎಣಿಸಿದ್ವಿ ಮೇಡಂ. ಸ್ನೇಹ ಬಿಟ್ಟುಹೋಯ್ತು."

"ಸರಿ, ಅದನ್ನೂ ಸೇರಿಸಿ."

ಸೇರಿಸಿದರು. ತರಗತಿಗಳನ್ನು ಒಂದೊಂದಾಗಿ ಬಿಡುವ ಹೊಸ ಕ್ರಮ ಬಂತು. ಆಮೇಲೆ ಆ ಮೆಟ್ಟಿಲಲ್ಲಿ ಯಾರೂ ಬೀಳಲಿಲ್ಲ.

*

"ಏನೋ ಬಿಟ್ಟಿದ್ದೀವಿ ಕಣ್ರೋ," ಎಂದಳು ಡಾಕ್ಟರ್.

ಎಲ್ಲರ ಕಣ್ಣೂ ಅದೇ ಅಂತಸ್ತಿನ ಎದುರುಮನೆಯ ಮುಚ್ಚಿದ ಬಾಗಿಲಿಗೆ ಹೋಯಿತು. ಅದು ತೆರೆದರೆ ಪೆಟ್ಟಿಗೆಯನ್ನು ನೇರ ಒಳಗೆ ಒಯ್ದು, ಕಾರನ್ನು ರಿವರ್ಸ್ ತೆಗೆದಂತೆ ಹಿಂದಕ್ಕೆ ತಿರುಗಿಸಿ ಇಳಿಸಬಹುದು. ಆದರೆ ಅಲ್ಲಿದ್ದ ನಿವೃತ್ತ ಸ್ಟೇಷನ್ ಮಾಸ್ಟರಿಗೂ ಮೇಡಂಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಮೇಡಂ ಮನೆಗೆ ಪಾಠಕ್ಕೆ ಬರುವವರ ಚಪ್ಪಲಿ ಅವರ ಬಾಗಿಲವರೆಗೂ ಹರಡುತ್ತಿದ್ದುದೇ ಜಗಳದ ಮೂಲ.

ಮೇಡಂ ಅವರ ತಮ್ಮ ಅಳುಕುತ್ತಲೇ ಬಾಗಿಲು ತಟ್ಟಿದರು. ತಟ್ಟಿದ ಕೈ ಇಳಿಯುವ ಮೊದಲೇ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುದುಕರು ಅದರ ಹಿಂದೆಯೇ ನಿಂತಿದ್ದರು.

"ಆಗಿನಿಂದ ಕೇಳಿಸ್ಕೊತಾ ಇದ್ದೀನಿ. ಬರೋಣ ಅಂದ್ರೆ ಯಾವ ಮುಖ ಇಟ್ಕೊಂಡು ಬರ್ಲಿ? ಟೇಬಲ್ ಸರಿಸಿದ್ದೀನಿ, ಬನ್ನಿ."

ಬೇಕರಿಯವನು ಶೂ ಬಿಚ್ಚಲು ತಡವರಿಸಿದ.

"ಇರ್ಲಿ ಬಿಡಪ್ಪ," ಎಂದರು ಮುದುಕರು.

ಮೇಡಂ ಮೊದಲ ಸಲ ಆ ಮನೆಯೊಳಗೆ ಬಂದು, ಸಲೀಸಾಗಿ ತಿರುಗಿ, ಮೆಟ್ಟಿಲು ಇಳಿಯತೊಡಗಿದರು. ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟಿದ್ದ ಮುದುಕರು ಬರಿಗಾಲಲ್ಲೇ ಇದ್ದರು. ಹಿಂದೆ ಅವರ ಮನೆಯ ಬಾಗಿಲು ಹಾರುಹೊಡೆದಿತ್ತು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು.