ಒಂದು ಸಾಲಿಗೆ ನಾಲ್ಕೇ ಜನ

10

ಎಲ್ಲಿಂದ ಶುರುಮಾಡಲಿ? ಪರದೆಯಿಂದ ಶುರುಮಾಡೋಣವೆಂದರೆ ಪರದೆ ಈಗ ಬರೀ ನೀಲಿ. ಅಣ್ಣನಿಂದ ಶುರುಮಾಡಿದರೆ ಮೊದಲ ವಾಕ್ಯದಲ್ಲೇ ಅವನು ಸತ್ತಿರಬೇಕಾಗುತ್ತದೆ. ಅಮ್ಮ ಒಳಕೋಣೆಯಲ್ಲಿ ಕೂತಿದ್ದಾಳೆ, ಕರೆದರೆ ಕಥೆಯೊಳಗೆ ಬರುವುದಿಲ್ಲ. ಉಳಿದದ್ದು ಪ್ಲಗ್ಗು. (ಪ್ಲಗ್ಗಿನಿಂದ ಶುರುವಾಗುವ ಕಥೆಯನ್ನು ಯಾರು ಓದುತ್ತಾರೆ? ನೀವು ಇನ್ನೂ ಓದುತ್ತಿದ್ದೀರಿ. ನಿಮ್ಮದು ದೊಡ್ಡ ಮನಸ್ಸು.)

ಹೀಗೆ ಹತ್ತು, ಇಪ್ಪತ್ತು ಎಂದು ನಂಬರ್ ಹಾಕುವುದನ್ನು ಅಣ್ಣ ಕಲಿಸಿದ. ಹಳೆಯ ಹೋಮ್ ಕಂಪ್ಯೂಟರುಗಳಲ್ಲಿ ಪ್ರೋಗ್ರಾಂ ಬರೆಯುವುದೇ ಹಾಗೆ. ಒಂದು, ಎರಡು ಅಂತ ಯಾಕಿಲ್ಲ ಎಂದು ಕೇಳಿದ್ದೆ.

"ಏನಾದ್ರೂ ಮರೆತಿದ್ರೆ ಆಮೇಲೆ ತುರುಕೋಕೆ ಜಾಗ ಬೇಡ್ವೇನೇ? ಹತ್ತಕ್ಕೂ ಇಪ್ಪತ್ತಕ್ಕೂ ಮಧ್ಯೆ ಹದಿನೈದು ಅಂತ ಬರೆದ್ರೆ ಆಯ್ತು. ನೀನು ಯಾವತ್ತು ಬರೆದ್ರೂ ಅದು ಹೋಗಿ ತನ್ನ ಜಾಗದಲ್ಲಿ ಕೂತ್ಕೊಳ್ಳುತ್ತೆ."

ಈ ಕಥೆ ಬರೆಯಲು ನನಗಿರುವ ಧೈರ್ಯ ಅದೊಂದೇ.

20

ಅಂಗಡಿ ನನ್ನ ಸೋದರಮಾವನದು. ಡಬ್ಬದಂಥ ಹಳೆಯ ಟಿವಿಗಳು, ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಮೆಷಿನ್ನುಗಳು, ಕೀಬೋರ್ಡಿನೊಳಗೇ ಇಡೀ ಕಂಪ್ಯೂಟರ್ ಅಡಗಿಸಿಕೊಂಡ ಹಲಗೆಗಳು ಇಲ್ಲಿ ರಿಪೇರಿಗೆ ಬರುತ್ತವೆ. ತರುವವರೆಲ್ಲ ತಲೆ ನರೆತ ಗಂಡಸರು. ಜಾಯ್‌ಸ್ಟಿಕ್ ಕೈಗೆ ಸಿಕ್ಕ ಕೂಡಲೇ ನಾಲಿಗೆಯ ತುದಿ ಹೊರಗೆ ಬರುತ್ತದೆ. ನಾನು ಕೌಂಟರಿನ ಹಿಂದೆ ಕೂತು ನೋಡುತ್ತೇನೆ. ಶಾಲೆ ಅರ್ಧಕ್ಕೆ ಬಿಟ್ಟಾಗಿನಿಂದ ನನ್ನ ಕೆಲಸ ನೋಡುವುದು, ಚೀಟಿ ಅಂಟಿಸುವುದು, ರಿಪೇರಿಯಾದದ್ದನ್ನು ಮುಟ್ಟಿಸಿ ಬರುವುದು.

ಮಾವನದು ಗೇಮ್ ಮೆಷಿನ್ ವಿದ್ಯೆ, ಕಂಪ್ಯೂಟರುಗಳು ಅಣ್ಣನ ಪಾಲು. ಚಿತ್ರ ಕೆಟ್ಟರೆ ಕರೆಂಟ್ ಕಿತ್ತು, ಮೆಷಿನ್ನಿಗೆ ಸಿಕ್ಕಿಸುವ ಆಟದ ಕ್ಯಾಸೆಟ್ಟಿಗೆ ಉಫ್ ಎಂದು ಊದಿ, ಮತ್ತೆ ಹಾಕುತ್ತಾನೆ. ಆಟ ಮೊದಲಿನಿಂದ ಬರುತ್ತದೆ. ಆಟವಿರುವುದು ಕ್ಯಾಸೆಟ್ಟಿನಲ್ಲಿ ತಾನೇ, ಎಲ್ಲಿಗೆ ಹೋದೀತು?

ಇನ್ನೊಂದು ಸಂಗತಿ ಈಗಲೇ ಹೇಳಿಬಿಡುತ್ತೇನೆ. ನಮ್ಮಲ್ಲಿಗೆ ಬರುವ ಎಷ್ಟೋ ಟಿವಿಗಳ ಸ್ವಿಚ್ಚಿನ ಮೇಲೆ 'ಆಫ್ ಮಾಡಬೇಡಿ' ಎಂಬ ಚೀಟಿ ಇರುತ್ತದೆ. ಸ್ವಿಚ್ಚು ಸವೆದಿದೆ, ಒಮ್ಮೆ ಒತ್ತಿದರೆ ಮತ್ತೆ ಕಚ್ಚಿಕೊಳ್ಳುವುದಿಲ್ಲ ಎಂದು ಅದರ ಅರ್ಥ. ಅಂಥ ಮನೆಗಳಲ್ಲಿ ಸ್ವಿಚ್ಚಿನ ಗೋಜಿಗೆ ಹೋಗದೆ ಗೋಡೆಯಿಂದ ಪ್ಲಗ್ ಕಿತ್ತು ಮಲಗುತ್ತಾರೆ. ಅಂಗಡಿಯಲ್ಲಿ ಇದು ಎಲ್ಲರಿಗೂ ಗೊತ್ತು.

30

ಅಣ್ಣ ಇಂಥದೊಂದು ಹೋಮ್ ಕಂಪ್ಯೂಟರನ್ನು ಅಂಗಡಿಯ ಒಳಕೋಣೆಯ ಟಿವಿಗೆ ಜೋಡಿಸಿ ಒಂದು ಆಟ ಬರೆಯುತ್ತಿದ್ದ. ಆಟವೆಂದರೆ ಗುಂಡು ಹಾರಿಸುವುದಲ್ಲ. ಒಂದು ಮನೆ, ಅದರಲ್ಲಿ ನಾವು ಐದು ಜನ. ಅಮ್ಮ, ಮಾವ, ಅತ್ತೆ, ನಾನು, ಅವನು. ಚೌಕುಳಿ ಹಾಳೆಯಲ್ಲಿ ಅಡ್ಡ ಹದಿನಾರು, ಉದ್ದ ಹದಿನಾರು ಚೌಕ ಎಣಿಸಿ, ಅಲ್ಲಲ್ಲಿ ಕಪ್ಪು ತುಂಬಿ ನಮ್ಮನ್ನು ಮಾಡುತ್ತಿದ್ದ. ಒಬ್ಬರಿಗೆ ಒಂದೇ ಬಣ್ಣ. ಆ ಮೆಷಿನ್ನಿಗೆ ಅಷ್ಟೇ ಗೊತ್ತು.

"ಅತ್ತೆ ಮೂಗು ಸರಿಯಾಗಿ ಬಂದಿಲ್ಲ" ಎಂದೆ.

"ಇರೋದೇ ಒಂದು ಚೌಕ. ಅದರಲ್ಲಿ ಅವರ ಮೂಗು ಹಿಡಿಸೋಕಾಗುತ್ತಾ?"

ಆಚೆಯಿಂದ ಅತ್ತೆ, "ಕೇಳಿಸ್ತಿದೆ ಕಣ್ರೋ, ಮೂಗಿನ ಜೊತೆ ಕಿವಿನೂ ದೊಡ್ಡದೇ ಇದೆ" ಎಂದಳು.

ಮೆಷಿನ್ನಿಗೆ ಇನ್ನೊಂದು ಮಿತಿ ಇತ್ತು. ಅಂಥ ಗೊಂಬೆಗಳನ್ನು ಒಂದು ಅಡ್ಡಸಾಲಿನಲ್ಲಿ ನಾಲ್ಕು ಮಾತ್ರ ತೋರಿಸಬಲ್ಲದು. ಐದನೆಯದು ಅದೇ ಸಾಲಿಗೆ ಬಂದರೆ ಮಾಯ. ಸಾಲು ಬಿಟ್ಟು ಮೇಲೆ ಸರಿದರೆ ಮತ್ತೆ ಪ್ರತ್ಯಕ್ಷ.

"ಸತ್ತುಹೋಗುತ್ತಾ?" ಎಂದೆ.

"ಸಾಯಲ್ಲ ಕಣೇ. ಇರುತ್ತೆ. ಆ ಸಾಲಲ್ಲಿ ಕಾಣಲ್ಲ, ಅಷ್ಟೇ."

"ಹಾಗಿದ್ರೆ ನನ್ನನ್ನೇ ಐದನೆಯವಳು ಮಾಡು."

ಯಾವ ಫೋಟೋದಲ್ಲೂ ನಾನು ಯಾರದೋ ಹೆಗಲ ಹಿಂದೆ ಇರುತ್ತೇನೆ. ನನಗೇನೂ ಅನ್ನಿಸುತ್ತಿರಲಿಲ್ಲ. ಅವನು ಹಾಳೆಯಿಂದ ತಲೆ ಎತ್ತಲಿಲ್ಲ. "ನೀನು ಹೊರಗಡೆನೇ ಯಾರಿಗೂ ಕಾಣಲ್ಲ. ಇಲ್ಲಾದ್ರೂ ಕಾಣು" ಎಂದು ತನ್ನ ಗೊಂಬೆಗೆ ಐದನೇ ನಂಬರ್ ಹಾಕಿಕೊಂಡ.

40

ಆಟ ಮುಗಿದಿತ್ತು, ಆದರೆ ಉಳಿಸಿರಲಿಲ್ಲ. ಆ ಕಂಪ್ಯೂಟರಿನಲ್ಲಿ ಬರೆದದ್ದನ್ನು ಟೇಪ್ ರೆಕಾರ್ಡರಿಗೆ ತುಂಬಿ ಉಳಿಸಬೇಕು, ಇಲ್ಲದಿದ್ದರೆ ಕರೆಂಟ್ ಇರುವಷ್ಟು ಹೊತ್ತು ಮಾತ್ರ. ರೆಕಾರ್ಡರಿನೊಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಹೊಸದಕ್ಕೆ ಹೇಳಿಕಳಿಸಿದ್ದೆವು. ಅಷ್ಟರಲ್ಲಿ ಅಣ್ಣನಿಗೆ ಉಸಿರಾಡಲು ಕಷ್ಟವಾಯಿತು. ಆಸ್ಪತ್ರೆಗೆ ಹೊರಡುವ ಮುಂಚೆ ಕಂಪ್ಯೂಟರಿನ ಪ್ಲಗ್ಗನ್ನು ಅಂಗಡಿಯ ಯುಪಿಎಸ್‌ಗೆ ಸಿಕ್ಕಿಸಿ, ಸ್ವಿಚ್ಚಿನ ಮೇಲೆ ತನ್ನ ಕೈಯಾರೆ ಒಂದು ಚೀಟಿ ಅಂಟಿಸಿದ. 'ಆಫ್ ಮಾಡಬೇಡಿ.'

ಅಷ್ಟು ಸ್ಪಷ್ಟವಾಗಿ ಬರೆದ ಮೇಲೆ ಬಾಯಲ್ಲಿ ವಿವರಿಸುವುದೇನಿದೆ? ಅವನೂ ವಿವರಿಸಲಿಲ್ಲ, ನಾವೂ ಯಾರೂ ವಿವರಿಸಿಕೊಳ್ಳಲಿಲ್ಲ.

ಅವನು ತಿರುಗಿ ಬರಲಿಲ್ಲ. (ಈ ವಾಕ್ಯವನ್ನು ಉದ್ದ ಮಾಡಿ ನೋಡಿದೆ. ಹಾಸಿಗೆ, ಆಕ್ಸಿಜನ್ ನಳಿಗೆ, ನರ್ಸಿನ ಚಪ್ಪಲಿ ಸದ್ದು ಎಲ್ಲ ಸೇರಿಸಿದೆ. ಹೊಡೆದುಹಾಕಿದೆ. ಅವನು ತಿರುಗಿ ಬರಲಿಲ್ಲ.)

50

ಆಮೇಲೆ ಅಮ್ಮ ದಿನವೂ ಒಳಕೋಣೆಗೆ ಬರತೊಡಗಿದಳು. ಅಂಕಿ ಒತ್ತಿದರೆ ಆ ನಂಬರಿನವರು ಸಿದ್ಧ, ಬಾಣದ ಕೀ ಒತ್ತಿದರೆ ನಡೆಯುತ್ತಾರೆ. ಸ್ಪೇಸ್ ಬಾರ್ ಒತ್ತಿದರೆ ಅಣ್ಣ ಕೈ ಎತ್ತುತ್ತಾನೆ. ಅಮ್ಮನಿಗೆ ಅದು ಉದ್ದ ಕೀ. ಉದ್ದ ಕೀ ಒತ್ತುತ್ತಾಳೆ, ಅವನು ಕೈ ಎತ್ತುತ್ತಾನೆ. ಮತ್ತೆ ಒತ್ತುತ್ತಾಳೆ.

ನೀವು ಕೇಳುತ್ತೀರಿ, ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಳ್ಳಬಾರದಿತ್ತೇ? ತೆಗೆದೆವು. ಅಮ್ಮ ನೋಡಿ ಮೊಬೈಲ್ ವಾಪಸ್ ಕೊಟ್ಟಳು.

"ಇದರಲ್ಲಿ ಅವನ ಪಾಡಿಗೆ ಅವನು ಕೈ ಎತ್ತುತ್ತಾನೆ. ಅಲ್ಲಿ ನಾನು ಕರೆದ್ರೆ ಎತ್ತುತ್ತಾನೆ."

60

ಆ ದಿನ ನಾನು ಒಂದು ರಿಮೋಟ್ ಮುಟ್ಟಿಸಲು ಹೋಗಿದ್ದೆ. ಮುಂದಿನದನ್ನು ಅತ್ತೆಯ ಬಾಯಿಂದ ಕೇಳಿ ಬರೆಯುತ್ತಿದ್ದೇನೆ.

ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕೆಂದು ಅಮ್ಮನಿಗೆ ಅನ್ನಿಸಿತಂತೆ. ಆಟದ ಮನೆಯ ನಡುಕೋಣೆಗೆ ಒಬ್ಬೊಬ್ಬರನ್ನೇ ನಡೆಸಿ ತಂದಳು. ತನ್ನನ್ನು ತಂದಳು. ತಮ್ಮನನ್ನು, ಅವನ ಹೆಂಡತಿಯನ್ನು, ನನ್ನನ್ನು. ಕೊನೆಗೆ ಮೇಲಿನ ಕೋಣೆಯಿಂದ ಅಣ್ಣನನ್ನು ಇಳಿಸಿದಳು. ಸಾಲಿಗೆ ತಾಗಿದ ಕೂಡಲೇ ಅವನ ಪಾದ ಹೋಯಿತು. ಕಣ್ಣು ಮಂಜಾಯಿತೇನೋ ಎಂದು ಇನ್ನೊಮ್ಮೆ ಒತ್ತಿದಳು. ಮೊಣಕಾಲು ಹೋಯಿತು. ಗಾಬರಿಯಲ್ಲಿ ಬೆರಳು ಬಾಣದ ಮೇಲೇ ನಿಂತುಬಿಟ್ಟಿತು. ಸೊಂಟ, ಎದೆ, ಕೊನೆಗೆ ತಲೆ.

"ಅಯ್ಯೋ, ಬಾರೋ! ಇವನು ಹೋಗ್ತಿದ್ದಾನೆ! ಹೇಗಾದ್ರೂ ಮಾಡಿ ಉಳಿಸೋ!" ಎಂದು ತಮ್ಮನನ್ನು ಕೂಗಿದಳು.

ಮೇಲಿನ ಬಾಣ ಒತ್ತಿದ್ದರೆ ಸಾಕಿತ್ತು. ತಲೆ, ಎದೆ, ಸೊಂಟ, ಕಾಲು, ಎಲ್ಲ ಬರುತ್ತಿತ್ತು.

61

ನಾನು ರಿಮೋಟ್ ಕೊಟ್ಟು ಬೇಗ ಬಂದೆ. "ಅಮ್ಮಾ, ಮೇಲಿನ ಬಾಣ ಒತ್ತು" ಎಂದೆ.

(ಈ ಸಾಲನ್ನು ಈಗ ತುರುಕಿದ್ದು. ಓದಲು ಚೆನ್ನಾಗಿದೆ. ಆದರೆ ನಾನು ಆಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ.)

65

ಅತ್ತೆಗೆ ಎಲ್ಲ ಗೊತ್ತಿತ್ತು. "ಒಂದು ಸಾಲಿಗೆ ನಾಲ್ಕೇ ಜನ ಅಂತ ಅವನು ಹೇಳ್ತಿದ್ನಲ್ಲ" ಎಂದಳು.

(ಅತ್ತೆ ಇದನ್ನು ಓದಿ, "ನಾನು ಕೇಳಿಸ್ಕೊಂಡಿದ್ದು ಮೂಗಿನ ಮಾತು ಮಾತ್ರ ಕಣೇ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೊಡೆದುಹಾಕಿದೆ.)

69

ಮಾವ ಬಾಗಿದವನು ಎಡವಿದ. ಕೈ ಪ್ಲಗ್ಗಿಗೆ ತಲುಪಲಿಲ್ಲ. (ಇದೂ ಈಗ ತುರುಕಿದ್ದೇ.)

70

ಮಾವ ಓಡಿ ಬಂದ. ಪರದೆ ನೋಡಿದ, ಚಿತ್ರ ಕೆಟ್ಟಿದೆ ಅಂದುಕೊಂಡ. ಸ್ವಿಚ್ಚಿಗೆ ಕೈ ಹಾಕಿದ, ಚೀಟಿ ಓದಿದ. 'ಆಫ್ ಮಾಡಬೇಡಿ.' ಸ್ವಿಚ್ಚು ಹಾಳಾಗಿದೆ ಎಂದು ತಿಳಿದ. ಸ್ವಿಚ್ಚನ್ನು ಮುಟ್ಟದೆ, ಬಗ್ಗಿ, ಪ್ಲಗ್ ಕಿತ್ತು, ಅದರ ಕಡ್ಡಿಗಳನ್ನು ಅಂಗಿಯ ತುದಿಯಿಂದ ಒರೆಸಿ, ಉಫ್ ಎಂದು ಊದಿ ಮತ್ತೆ ಹಾಕಿದ.

"ನೋಡಕ್ಕಾ, ಉಳಿಸಿದೆ. ಎಷ್ಟು ನೀಟಾಗಿ ಬಂತು ಪರದೆ!"

ನಿಜಕ್ಕೂ ನೀಟಾಗಿ ಬಂದಿತ್ತು. ನೀಲಿ, ಅಂಚಿನಿಂದ ಅಂಚಿಗೆ ನೀಲಿ. ಮೇಲೆ ಎಡಮೂಲೆಯಲ್ಲಿ ಒಂದು ಬಿಳಿ ಚೌಕ ಮಿಟುಕುತ್ತಿತ್ತು.

ನಾನು ಬಂದಾಗ ಅವನು ಇನ್ನೂ ನಗುತ್ತಾ ಆಟ ಬರುವುದನ್ನು ಕಾಯುತ್ತಿದ್ದ. ನನ್ನ ಮುಖ ನೋಡಿದ.

"ಸ್ವಿಚ್ ಮುಟ್ಟಿಲ್ಲ ಕಣೇ ಗುಬ್ಬಿ" ಎಂದ. "ಚೀಟಿ ಓದಿದೆ. ಸ್ವಿಚ್ ಮುಟ್ಟೇ ಇಲ್ಲ."

80

ಬೆಂಚಿನ ಆಚೆಯಿಂದ ಮಾವ ಈ ಹಾಳೆಗಳನ್ನು ಇಣುಕಿ ನೋಡುತ್ತಾನೆ. ಕೈಯಲ್ಲಿ ಬಿಸಿ ಸೋಲ್ಡರಿಂಗ್ ಐರನ್, ಕೆಳಗೆ ಬೆಸೆಯಲು ಯಾವುದೂ ಇಲ್ಲ.

"ಅವತ್ತು ನನಗೆ ಜ್ವರ ಬಂದಿತ್ತು ಅಂತ ಬರಿ. ಅಂಗಡಿಗೆ ಬರ್ಲೇ ಇಲ್ಲ ಅಂತ."

"ಬರೆದೆ ಮಾವ. ನೀನು ಇಲ್ಲದಿದ್ರೆ ಅಮ್ಮ ಅತ್ತೆನ ಕೂಗ್ತಾಳೆ. ಅತ್ತೆ ನಿನಗೆ ಫೋನ್ ಮಾಡ್ತಾಳೆ."

"ನಾನು ಏನಂತೀನಿ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಪ್ಲಗ್ ಕಿತ್ತು ಹಾಕು ಅಂತೀನಿ" ಎಂದು ಅವನೇ ಹೇಳಿದ. ಆಮೇಲೆ, "ಕಥೆ ಅಲ್ವೇನೇ ಇದು? ಸುಳ್ಳು ಹೇಳೋಕೆ ಅಂತಾನೇ ಇರೋದು. ಒಂದು ಸುಳ್ಳು ಹೇಳೋಕಾಗಲ್ವಾ?" ಎಂದ.

ಹೇಳಿ ನೋಡಿದೆ. ಒಂದು ಮುಕ್ತಾಯದಲ್ಲಿ ರಬ್ಬರ್ ಬೆಲ್ಟು ಮೊದಲೇ ಬರುತ್ತದೆ, ಆಟ ಟೇಪಿಗೆ ಸೇರುತ್ತದೆ, ಎಲ್ಲರೂ ಅಳುತ್ತಾ ನಗುತ್ತಾರೆ. (ನಿಜವಾದ ಬೆಲ್ಟು ಆಮೇಲೆ ಬಂತು. ಚೆನ್ನಾಗಿ ಕೂತಿದೆ. ರೆಕಾರ್ಡರ್ ಈಗ ಗಡಿಯಾರದಂತೆ ತಿರುಗುತ್ತದೆ.) ಇನ್ನೊಂದರಲ್ಲಿ ನಾನೇ ಎಲ್ಲವನ್ನೂ ನೆನಪಿನಿಂದ ಮತ್ತೆ ಬರೆಯುತ್ತೇನೆ. ಚೌಕುಳಿ ಹಾಳೆಗಳೇನೋ ಇವೆ. ಅಮ್ಮನನ್ನು ಮಾಡಬಲ್ಲೆ, ಅತ್ತೆಯನ್ನು ಮೂಗಿಲ್ಲದೆ ಮಾಡಬಲ್ಲೆ. ಆದರೆ ಕರೆದರೆ ಕೈ ಎತ್ತುವುದನ್ನು ಅವನು ಹೇಗೆ ಮಾಡಿದ್ದನೋ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಆಗ ಕೈ ಎತ್ತುವವಳು ನಾನಾಗುತ್ತೇನೆ. ಅಮ್ಮನಿಗೆ ಅದು ತಿಳಿಯದೇ ಇರುತ್ತದೆಯೇ?

ಮಾವನ ಕೈಯನ್ನು ಯಾರಾದರೂ ತಡೆಯುವ ಮೂರನೆಯ ಮುಕ್ತಾಯಕ್ಕೆ ಜಾಗ ಇದ್ದದ್ದು 69 ಮತ್ತು 70ರ ನಡುವೆ. ಅಲ್ಲಿ ಜಾಗ ಮುಗಿದಿದೆ. ಆ ಮೆಷಿನ್ನಿಗೆ ಅರೆ ನಂಬರ್ ಗೊತ್ತಿಲ್ಲ. ಅರವತ್ತೊಂಬತ್ತೂವರೆ ಎಂದು ಬರೆದರೆ ತಪ್ಪು ಎಂದು ತೋರಿಸಿ ಸುಮ್ಮನಾಗುತ್ತದೆ.

90

ಅಮ್ಮ ಇವತ್ತೂ ಒಳಕೋಣೆಗೆ ಬಂದಿದ್ದಾಳೆ. ಆಟ ಹೋಯಿತೆಂದು ಯಾರೂ ಅವಳಿಗೆ ಹೇಳಿಲ್ಲ. ಮಾವ ಉಳಿಸಿದೆ ಅಂದಿದ್ದಾನಲ್ಲ.

ಬಾಗಿಲಲ್ಲಿ ನಿಂತು ನೋಡಿದೆ. ನೀಲಿ ಪರದೆಯ ಮುಂದೆ ಬಾಗಿ ಕೂತು ಉದ್ದ ಕೀ ಒತ್ತುತ್ತಿದ್ದಳು. ಖಾಲಿ ಪರದೆಯಲ್ಲಿ ಸ್ಪೇಸ್ ಬಾರ್ ಒತ್ತಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಏನೂ ಮೂಡುವುದಿಲ್ಲ. ಆ ಬಿಳಿ ಚೌಕ, ಕರ್ಸರ್, ಒಂದು ಹೆಜ್ಜೆ ಬಲಕ್ಕೆ ಸರಿಯುತ್ತದೆ.

"ಬಾರೇ" ಎಂದಳು, ತಿರುಗದೆ. "ಕೈ ಎತ್ತೋದು ಬಿಟ್ಟಿದ್ದಾನೆ. ಈಗ ನಡೀತಾನೆ."

"ಯಾರಮ್ಮ?"

"ಯಾರು ಅಂದ್ರೆ? ನೋಡು."

ಒತ್ತಿದಳು. ಚೌಕ ಸರಿಯಿತು. ಒತ್ತಿದಳು.

"ಎಲ್ಲಿಗೆ ಹೋಗ್ತಿದ್ದಾನಮ್ಮ?"

"ಅದನ್ನೆಲ್ಲ ಯಾವತ್ತು ಹೇಳಿ ಹೋಗಿದ್ದಾನೆ? ಮೊದಲ ಸಲ ಆ ಅಂಚಿಗೆ ಹೋದಾಗ ನನ್ನ ಎದೆ ಧಸಕ್ ಅಂತು. ಮುಗೀತು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಕೆಳಗಿನ ಸಾಲಲ್ಲಿ ಬಂದ." ಅವಳ ಧ್ವನಿಯಲ್ಲಿ ಮೆಚ್ಚುಗೆಯಂಥದ್ದೇನೋ ಇತ್ತು. "ಸಾಲಲ್ಲಿ ಈಗ ಅವನೊಬ್ಬನೇ ನೋಡು. ಎಷ್ಟು ಚೆನ್ನಾಗಿ ಕಾಣ್ತಾನೆ."

ಹೇಳಬೇಕಾದವಳು ನಾನೇ. ಕರ್ಸರ್ ಎಂದರೇನೆಂದು ಈ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ಬಾಯಿ ತೆರೆದೆ. ಹಿಂದೆ ಬೆಂಚಿನ ಬಳಿ ಮಾವನ ಕೈ ನಿಂತದ್ದು ಸದ್ದು ನಿಂತದ್ದರಿಂದಲೇ ತಿಳಿಯಿತು.

100

ಇಲ್ಲಿ ಕಥೆ ಮುಗಿಯಬೇಕು. ನಾನು ಹೇಳಿದೆ ಎಂದು ಬರೆದರೆ ಅಮ್ಮ ಇನ್ನೊಮ್ಮೆ ಮಗನನ್ನು ಕಳೆದುಕೊಳ್ಳುತ್ತಾಳೆ. ಹೇಳಲಿಲ್ಲ ಎಂದು ಬರೆದರೆ ನಾಳೆಯೂ ನಾಡಿದ್ದೂ ಅವಳು ಒಂದು ಚೌಕವನ್ನು ಖಾಲಿ ಜಾಗದಲ್ಲಿ ನಡೆಸುತ್ತಾ ಕೂತಿರುತ್ತಾಳೆ. ನೀವು ಯಾವುದನ್ನಾದರೂ ಆರಿಸಿಕೊಳ್ಳಿ ಎನ್ನುವ ಚಾಳಿ ಇಂಥ ಕಥೆಗಳಿಗಿದೆ. ನಾನು ಹಾಗನ್ನುವುದಿಲ್ಲ. ನಿಮಗೇಕೆ ಆ ಪಾಪ?

ಪರದೆಯ ಕೊನೆಯ ಸಾಲು ತಲುಪಿದರೆ ಏನಾಗುತ್ತದೆ ಎಂದು ಅಮ್ಮ ಈಗಷ್ಟೇ ಕೇಳಿದಳು. ಇಡೀ ಪರದೆ ಒಂದು ಸಾಲು ಮೇಲೆ ಸರಿಯುತ್ತದೆ, ಅವನು ಮತ್ತೆ ಕೆಳಸಾಲಿನ ಎಡಮೂಲೆಯಿಂದ ಹೊರಡುತ್ತಾನೆ ಎಂದೆ. ಅವನು ಎಂದೇ ಅಂದೆ. "ಹಾಗಾದ್ರೆ ಮುಗಿಯಲ್ಲ" ಎಂದಳು. ಬೆರಳು ನೋಯುತ್ತಿದೆ, ಸ್ವಲ್ಪ ಹೊತ್ತು ನೀನು ಒತ್ತು ಎಂದು ಕುರ್ಚಿ ಬಿಟ್ಟುಕೊಟ್ಟಳು.

ಎಡಗೈಯಲ್ಲಿ ಒತ್ತುತ್ತಿದ್ದೇನೆ, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಇದರ ಕೊನೆಯಲ್ಲಿ ಚುಕ್ಕಿ ಇಡುವುದಿಲ್ಲ. ಹಾಳೆಯಲ್ಲಿ ಇಲ್ಲಿಂದ ಮುಂದೆ ಖಾಲಿ ಕಂಡರೆ ದಯವಿಟ್ಟು ಮುಚ್ಚಬೇಡಿ, ಅಮ್ಮ ಹಿಂದೆಯೇ ನಿಂತು ನೋಡುತ್ತಿದ್ದಾಳೆ, ಅವನು ಇನ್ನೇನು ಅಂಚಿಗೆ