ರಸ್ತೆಯಿಂದ ಏಳನೆಯ ದಂಡೆ

"ಇದು ನಿಮ್ಮನೆ ದಂಡೆ ಅಲ್ಲ ಕಣಮ್ಮ ಮರ್ಡೀನಾ," ಎಂದ ಟೊರ್ಮಡ್.

ಜವುಗು ನೆಲದಲ್ಲಿ ಮನೆಗೊಂದರಂತೆ ಹಂಚಿದ ಪಟ್ಟಿಗಳಲ್ಲಿ ಒಂದಾದ ಆ ದಂಡೆಯ ಮೇಲೆ ಮರ್ಡೀನಾ ಮಂಡಿಯೂರಿ ಕೂತು, ಒಲೆಗೆ ಉರಿಸುವ ಒಣಗಿದ ಪೀಟನ್ನು ಚೀಲಕ್ಕೆ ತುಂಬುತ್ತಿದ್ದಳು. ಮೇ ತಿಂಗಳಲ್ಲಿ ಜವುಗು ನೆಲದಿಂದ ಕಡಿದು ತೆಗೆದಾಗ ಬೆಣ್ಣೆಯಂತೆ ಜಾರುತ್ತಿದ್ದ ಕರಿಮಣ್ಣಿನ ಹೆಂಟೆಗಳು ಈಗ ಇಟ್ಟಿಗೆಯಂತೆ ಗಟ್ಟಿಯಾಗಿ, ಹಗುರವಾಗಿ, ಒಂದಕ್ಕೊಂದು ತಾಗಿದರೆ ಟಣ್ಣೆನ್ನುತ್ತಿದ್ದವು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ತಲೆಯೆತ್ತಿದಳು. ಆದರೆ ಟೊರ್ಮಡ್ ತಮಾಷೆಯ ಮನುಷ್ಯನಲ್ಲ. ಊರಿನ ಚರ್ಚಿನ ಹಿರಿಯ. ಭಾನುವಾರ ಎದ್ದುನಿಂತು ಕೀರ್ತನೆಯ ಒಂದೊಂದೇ ಸಾಲನ್ನು ಎತ್ತಿಕೊಡುವವನು ಅವನೇ, ಸಭೆಯೆಲ್ಲ ಅವನ ಹಿಂದೆ ಹಾಡುತ್ತಿತ್ತು. ಹಾಗಾಗಿ ಚರ್ಚಿನ ಹೊರಗೂ ಅವನು ತಾನು ಹೇಳಿದ್ದನ್ನು ಎದುರಿಗಿದ್ದವರು ಮರಳಿ ಹೇಳಲಿ ಎಂಬಂತೆ ನಿಧಾನವಾಗಿ ಮಾತಾಡುತ್ತಿದ್ದ.

"ರಸ್ತೆಯಿಂದ ಏಳನೇದು ನಮ್ದು. ಅತ್ತೆ ಹೇಳಿದ್ದಾರೆ," ಎಂದಳು.

"ಹಳೇ ರಸ್ತೆಯಿಂದ ಏಳನೇದು. ಹೊಸ ರಸ್ತೆ ಹಾಕ್ದಾಗ ಮೊದಲ್ನೇ ದಂಡೆ ಅದರಡಿಗೆ ಹೋಯ್ತು. ನಿಮ್ದೀಗ ಆರನೇದು. ನೀನು ಕಡಿದಿರೋದು ನಮ್ದು."

ಮರ್ಡೀನಾ ರಸ್ತೆಯ ಕಡೆಗೆ ನೋಡಿದಳು. ಡಾಂಬರು ಬೆಳ್ಳಗೆ ಹೊಳೆಯುತ್ತಿತ್ತು. ಆ ರಸ್ತೆ ಬರುವ ಹೊತ್ತಿಗೆ ಲೂಯಿಸ್ ದ್ವೀಪದ ಈ ಪಡುಗಡೆಯಲ್ಲಿ ಮನೆಮನೆಗೂ ಮನೆ ಬೆಚ್ಚಗಿಡುವ ಎಣ್ಣೆಯ ಬಾಯ್ಲರ್ ಬಂದಿತ್ತು. ಪೀಟು ಕಡಿಯುವವರೇ ಇಲ್ಲದ ಮೇಲೆ ದಂಡೆಗಳನ್ನು ಎಣಿಸುವವರು ಯಾರು?

"ನಾನು ಮೇಲಿನ ಹುಲ್ಲು ಕೆತ್ತೋವಾಗ ನೀವು ಇಲ್ಲೇ ಕಾರು ನಿಲ್ಲಿಸಿ ಮಾತಾಡಿಸಿದ್ರಿ ಟೊರ್ಮಡಣ್ಣ."

"ಹೌದು, ಮಾತಾಡಿಸಿದ್ದೆ."

"ಆವತ್ತು ಯಾಕೆ ಹೇಳ್ಲಿಲ್ಲ?"

ಟೊರ್ಮಡ್ ದೂರದಲ್ಲಿ ಮೇಯುತ್ತಿದ್ದ ತನ್ನ ಕುರಿಗಳ ಕಡೆಗೆ ಕಣ್ಣು ಹಾಯಿಸಿದ. "ಒಂದು ವಾರಕ್ಕೆ ಬಿಟ್ಟುಬಿಡ್ತೀಯ ಅಂದ್ಕೊಂಡೆ. ಹೆಂಗಸು, ಅದೂ ಒಬ್ಬಳೇ. ಸುಮ್ನೆ ಮನಸ್ಸು ಯಾಕೆ ನೋಯಿಸ್ಬೇಕು ಅಂತ."

ಅವಳು ಬಿಟ್ಟಿರಲಿಲ್ಲ. ಪೀಟು ಕಡಿಯುವುದು ಇಬ್ಬರ ಕೆಲಸ. ಮೇಲೆ ನಿಂತ ಗಂಡಸು ಉದ್ದ ಹಿಡಿಕೆಯ ಸಲಿಕೆಯಿಂದ ಕಡಿಯುತ್ತಾನೆ, ಕೆಳಗೆ ನಿಂತ ಹೆಂಗಸು ಹಿಡಿದು ದಂಡೆಯ ಮೇಲಕ್ಕೆ ಎಸೆಯುತ್ತಾಳೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದ್ದ ಮರ್ಡೀನಾ ಮೇಲೆ ನಿಂತು ಆರು ಹೆಂಟೆ ಕಡಿಯುವಳು, ಕೆಳಗಿಳಿದು ಆರನ್ನೂ ಎಸೆಯುವಳು, ಮತ್ತೆ ಹತ್ತುವಳು. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿಕೊಂಡು ಬಂದು, ದಿನಾ ಸಂಜೆ, ಇಡೀ ತಿಂಗಳು.

ಹಟಕ್ಕೆ ಕಾರಣವಿತ್ತು. ಹೋದ ಚಳಿಗಾಲ ಎಣ್ಣೆಯ ಬೆಲೆ ಏರಿ, ಜನವರಿಗೆ ಟ್ಯಾಂಕು ಬರಿದಾಗಿ, ಅವಳೂ ಅತ್ತೆ ಎಫಿಯೂ ಮನೆಯೆಲ್ಲ ಮುಚ್ಚಿ ಒಂದೇ ಕೋಣೆಯಲ್ಲಿ ಕಾಲ ಕಳೆದಿದ್ದರು. ಎಂಬತ್ತೊಂದರ ಮುದುಕಿಗೆ ಎದೆಯಲ್ಲಿ ಕಫ ಕಟ್ಟಿ ಮೂರು ವಾರ ಆಸ್ಪತ್ರೆಯಾಯಿತು. ಇನ್ವರ್ನೆಸ್‌ನಲ್ಲಿದ್ದ ಮೈದುನ ಇವೆನ್ ಫೋನು ಮಾಡಿ, ಇನ್ನೊಂದು ಚಳಿಗಾಲ ಅಮ್ಮನನ್ನು ಆ ಮನೆಯಲ್ಲಿ ಬಿಡುವುದಿಲ್ಲ, ಅಕ್ಟೋಬರಿಗೆ ಬಂದು ಕರೆದೊಯ್ದು ವೃದ್ಧಾಶ್ರಮಕ್ಕೆ ಸೇರಿಸುತ್ತೇನೆ ಎಂದಿದ್ದ. ಎಫಿ ಫೋನನ್ನು ಸೊಸೆಯ ಕೈಗೆ ಕೊಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ಮರುದಿನವೇ ಮರ್ಡೀನಾ ಹಾರೆ ತಂದು, ಗಂಡ ಮುಚ್ಚಿಹಾಕಿದ್ದ ಹಳೆಯ ಒಲೆಯ ಹಲಗೆಗಳನ್ನು ಕಿತ್ತಳು.

ಟೊರ್ಮಡ್ ಗಂಟಲು ಸರಿಮಾಡಿಕೊಂಡ. "ನಿನ್ನ ಕೈಯಿಂದ ಕಿತ್ಕೊಳ್ಳೋಕೆ ಬಂದಿಲ್ಲ. ಒಯ್ಕೋ, ಎಲ್ಲಾನೂ ಒಯ್ಕೋ. ಚರ್ಚಿನ ಸಭೆ ಕೊಟ್ಟಿದ್ದು ಅಂತ ಆಗ್ಲಿ. ವಿಧವೆ ಅಂದ್ಮೇಲೆ ನೋಡ್ಕೊಳ್ಳೋದು ನಮ್ಮ ಧರ್ಮ. ಭಾನುವಾರ ನಾನೇ ಹೇಳ್ತೀನಿ."

ಮರ್ಡೀನಾ ಎದ್ದು ನಿಂತಳು. ತುಂಬಿದ್ದ ಚೀಲವನ್ನು ತಲೆಕೆಳಗು ಮಾಡಿ ಅಷ್ಟನ್ನೂ ಅವನ ಕಾಲ ಬಳಿ ಸುರಿದಳು.

"ಸಭೆ ಬೆನ್ನು ಬಗ್ಗಿಸಲಿಲ್ಲ, ಟೊರ್ಮಡಣ್ಣ," ಎಂದು ಬರಿಯ ಚೀಲವನ್ನು ಮಡಚಿಕೊಂಡು ನಡೆದಳು.

ಮನೆಗೆ ಬಂದು ನಡೆದದ್ದನ್ನು ಎಫಿಗೆ ಹೇಳಿದಳು. ಮುದುಕಿ ಹಾಸಿಗೆಯ ಮೇಲೆ ಬೆರಳಿಂದ ಗೆರೆ ಎಳೆಯುತ್ತ, ತಮ್ಮದರಿಂದ ರಸ್ತೆಯ ಕಡೆಗೆ ಒಂದೊಂದೇ ದಂಡೆಯನ್ನು, ಒಂದೊಂದೇ ಮನೆತನದ ಹೆಸರನ್ನು ಎಣಿಸಿದಳು. ಮೊದಲನೆಯದಕ್ಕೆ ಬಂದಾಗ ಬೆರಳು ನಿಂತಿತು. ತಪ್ಪು ತನ್ನದೇ ಎಂದಳು. ರಸ್ತೆ ಸರಿದದ್ದು ತಲೆಗೆ ಹೊಳೆಯಲೇ ಇಲ್ಲ, ತನ್ನ ಮನಸ್ಸಿನಲ್ಲಿ ಅದು ಇನ್ನೂ ಹಳೇ ಜಾಗದಲ್ಲೇ ಇದೆ ಎಂದಳು. ಆಮೇಲೆ ದಿಂಬಿಗೆ ಒರಗಿ ಎದ್ದು ಕೂತಳು.

"ನಮ್ಮಪ್ಪನ ಕಾಲದಲ್ಲೂ ಹಿಂಗೆ ಆಗಿತ್ತು ಕಣೆ. ಮಂಜಲ್ಲಿ ದಾರಿ ತಪ್ಪಿ ಇನ್ಯಾರದೋ ದಂಡೆ ಕಡಿದಿದ್ರು. ಆಗ ಒಂದು ಕಟ್ಲೆ ಇತ್ತು. ಅರ್ಧ ದಂಡೆಯವರಿಗೆ, ಅರ್ಧ ಕಡಿದ ಕೈಯವರಿಗೆ. ಯಾರೂ ಯಾರಿಗೂ ಉಪಕಾರ ಮಾಡ್ದಂಗಲ್ಲ."

"ಅರ್ಧ ಕೊಟ್ರೆ ನಮಗೆ ಡಿಸೆಂಬರ್ ದಾಟಲ್ಲ ಅತ್ತೆ."

"ದಾಟಲ್ಲ," ಎಂದು ಎಫಿ ಒಪ್ಪಿಕೊಂಡಳು. "ಅದಕ್ಕೆ ಆರನೇ ದಂಡೆ ಇದೆಯಲ್ಲ."

"ಟೊರ್ಮಡಣ್ಣನ ಮನೇಲಿ ಒಲೆನೇ ಇಲ್ಲ. ಚಿಮಣಿ ಬಾಯಿಗೂ ಸಿಮೆಂಟು ಹಾಕ್ಸಿದ್ದಾರೆ."

ಮುದುಕಿಯ ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ಅದು ಅವನ ಪಾಡು."

ಮುಂದಿನ ಶನಿವಾರ ಮರ್ಡೀನಾ ಶಾಲೆಯ ವ್ಯಾನನ್ನು ಕೇಳಿ ಪಡೆದು, ಆರು ಸಲ ಬಯಲಿಗೂ ಟೊರ್ಮಡನ ಮನೆಗೂ ಓಡಾಡಿದಳು. ಮನೆಯ ಮಗ್ಗುಲಲ್ಲಿ, ಚರ್ಚಿಗೆ ಹೋಗುವ ದಾರಿಗೆ ಎದುರಾಗಿ ಅರ್ಧ ಪೀಟನ್ನು ಸುರಿದಳು. ಸುರಿದು ಬಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವಳು ಬಣವೆ ಒಟ್ಟತೊಡಗಿದಳು. ಒಳಗೆ ಮುರುಕು ತುಂಬಿ, ಹೊರಮೈಗೆ ನೀಳವಾದವನ್ನೇ ಆರಿಸಿ, ಒಂದು ವರಸೆ ಬಲಕ್ಕೆ ಓರೆ, ಮೇಲಿನ ವರಸೆ ಎಡಕ್ಕೆ ಓರೆ, ಮೀನಿನ ಮುಳ್ಳಿನಂತೆ, ಮಳೆನೀರು ಒಳಗಿಳಿಯದೆ ಜಾರಿಹೋಗುವ ಹಾಗೆ. ಆ ಬಗೆಯಲ್ಲಿ ಒಟ್ಟಿದ ಬಣವೆಯನ್ನು ಆ ಊರು ನೋಡಿ ಬಹಳ ಕಾಲವಾಗಿತ್ತು.

ಟೊರ್ಮಡನ ಹೆಂಡತಿ ಕಿಟಕಿಯ ಪರದೆಯನ್ನು ಎರಡು ಸಲ ಸರಿಸಿದಳು. ಮೂರನೆಯ ಸಲಕ್ಕೆ ಟೊರ್ಮಡನೇ ಚಪ್ಪಲಿಯಲ್ಲಿ ಹೊರಬಂದ.

"ನಮ್ಮನೇಲಿ ಒಲೆ ಇಲ್ವಲ್ಲಮ್ಮ."

"ಗೊತ್ತು ಟೊರ್ಮಡಣ್ಣ. ಗೋಡೆ ಇದೆಯಲ್ಲ."

"ಜನ ಕೇಳ್ತಾರೆ."

"ಕೇಳ್ಲಿ. ದಂಡೆಯ ಪಾಲು ಅನ್ನಿ," ಎಂದು ಅವಳು ಇನ್ನೊಂದು ಪೀಟನ್ನು ಓರೆಯಾಗಿ ಕೂರಿಸಿದಳು. "ಭಾನುವಾರ ನೀವು ಏನೋ ಹೇಳ್ಬೇಕು ಅಂತಿದ್ರಲ್ಲ, ಇದನ್ನೇ ಹೇಳಿ."

ಜನ ಕೇಳಿದರು. ಚರ್ಚಿಗೆ ಹೋಗುತ್ತ ಕೇಳಿದರು, ಬರುತ್ತ ನಿಂತು ನೋಡಿದರು. ಯಾರು ಒಟ್ಟಿದ್ದು ಎಂದರು, ಒಬ್ಬಳೇ ಎಂದರೆ ನಂಬಲಿಲ್ಲ. ಹೊಗೆಯಾಡದ ಮನೆಗೆ ಇಷ್ಟು ಚೆಂದದ ಬಣವೆ ಯಾಕೆ ಎಂದು ಅಂಗಡಿಯ ಮುಂದೆ ನಗೆಯಾಡಿದರು. ಟೊರ್ಮಡ್ ಕೀರ್ತನೆ ಎತ್ತಿಕೊಟ್ಟನೇ ಹೊರತು ಪೀಟಿನ ಮಾತೆತ್ತಲಿಲ್ಲ.

ಮರ್ಡೀನಾ ಆರನೆಯ ದಂಡೆಗೆ ಸಲಿಕೆ ಹಾಕಿದಾಗ ಜೂನ್ ಮುಗಿಯುತ್ತಿತ್ತು. ಈ ಹೊತ್ತಿನಲ್ಲಿ ಕಡಿದದ್ದು ಒಣಗುವುದಿಲ್ಲ ಎಂದು ಕೇಳದಿದ್ದರೂ ಹೇಳಿಹೋದವರು ಬಹಳ. ಅವಳು ಕಡಿದಳು. ಜುಲೈಯಲ್ಲಿ ಮಳೆ ಹಿಡಿಯಿತು. ಹೆಂಟೆಗಳನ್ನು ನಾಲ್ಕು ನಾಲ್ಕಾಗಿ ಒಂದಕ್ಕೊಂದು ಆನಿಸಿ ನಿಲ್ಲಿಸಿದಳು, ಬಿದ್ದವನ್ನು ಮತ್ತೆ ನಿಲ್ಲಿಸಿದಳು. ಇಡೀ ಬೇಸಿಗೆಗೆ ಒಳ್ಳೆಯ ಒಣಗಾಳಿ ಬೀಸಿದ್ದು ಒಂದೇ ದಿನ, ಅದೂ ಭಾನುವಾರ. ಪೀಟನ್ನು ಮಗುಚಿ ಹಾಕಲು ಅದಕ್ಕಿಂತ ಒಳ್ಳೆಯ ದಿನವಿರಲಿಲ್ಲ. ಆದರೆ ಭಾನುವಾರ ದೇವರ ದಿನ, ಕೆಲಸಕ್ಕೆಂದು ಬಯಲಿಗೆ ಕಾಲಿಡುವಂತಿಲ್ಲ. ಅತ್ತೆಯ ಹಾಸಿಗೆಯ ಬಳಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗಾಳಿಯ ಸದ್ದನ್ನು ಕೇಳುತ್ತ ಕೂತಳು. ಗಾಳಿ ತನ್ನ ಕೆಲಸ ತಾನು ಮಾಡಿಕೊಳ್ಳಲಿ ಎಂದು ಎಫಿ ಮೆಲ್ಲಗೆ ಹೇಳಿದಳು.

ಸೆಪ್ಟೆಂಬರ್ ಕೊನೆಗೆ ಮನೆಗೆ ತಂದದ್ದರಲ್ಲಿ ಕಾಲುಭಾಗ ಇನ್ನೂ ತೇವವಿತ್ತು. ಅದನ್ನು ಒಲೆಯ ಪಕ್ಕಕ್ಕೆ ಜೋಡಿಸಿದಳು, ಉರಿಯುವುದು ಒಣಗಬೇಕಾದ್ದನ್ನು ಒಣಗಿಸಲಿ ಎಂದು.

ಹೇಳಿದಂತೆಯೇ ಅಕ್ಟೋಬರಿನಲ್ಲಿ ಇವೆನ್ ಬಂದ. ಹಡಗಿಗೆ ಇಬ್ಬರ ಟಿಕೇಟು ತಂದಿದ್ದ. ಒಲೆಯ ಎದುರು ಕೋಟು ಹಾಕಿಕೊಂಡೇ ಕೂತು ಅಮ್ಮನಿಗೆ ಆಶ್ರಮದ ಸೌಕರ್ಯಗಳನ್ನು ವಿವರಿಸತೊಡಗಿದ. ಸ್ವಲ್ಪ ಹೊತ್ತಿಗೆ ಕೋಟು ಬಿಚ್ಚಿದ. ಇನ್ನೂ ಸ್ವಲ್ಪ ಹೊತ್ತಿಗೆ ಉಣ್ಣೆಯ ಅಂಗಿಯನ್ನೂ ಬಿಚ್ಚಿ ತೋಳು ಮಡಚಿದ. ಎಫಿ ಅವನ ಹಣೆಯ ಬೆವರನ್ನೇ ನೋಡುತ್ತಿದ್ದಳು, ಮಾತನ್ನು ಕೇಳುತ್ತಿರಲಿಲ್ಲ.

"ಇದು ಎಷ್ಟು ದಿನ ಬರುತ್ತೆ ಅತ್ತಿಗೆ?" ಎಂದ ಕೊನೆಗೆ.

"ಫೆಬ್ರವರಿವರೆಗೆ."

"ಆಮೇಲೆ?"

"ಆಮೇಲೆ ಹಿತ್ತಿಲಲ್ಲಿ ಹಳೇ ದೋಣಿ ಇದೆ. ಅದೂ ಮುಗಿದ್ರೆ ನೀನು ಕೂತಿರೋ ಕುರ್ಚಿ ಇದೆ."

ಇವೆನ್ ಅಮ್ಮನ ಕಡೆಗೆ ನೋಡಿದ. ಎಫಿ ಕುರ್ಚಿಯ ಕಾಲುಗಳನ್ನು ಒಂದೊಂದಾಗಿ ನೋಡಿ, ಒಳ್ಳೆಯ ಓಕ್ ಮರ, ಎರಡು ದಿನ ಉರಿಯುತ್ತದೆ ಎಂದಳು. ಅವನು ಒಬ್ಬನೇ ಹಡಗು ಹತ್ತಿದ.

ನವೆಂಬರಿನ ಎರಡನೆಯ ವಾರ ಉತ್ತರದ ಗಾಳಿ ಬಿಟ್ಟೂಬಿಡದೆ ಬೀಸಿತು. ಎಣ್ಣೆಯ ಲಾರಿಯನ್ನು ತರುವ ಹಡಗು ಐದು ದಿನ ಬರಲಿಲ್ಲ. ಭಾನುವಾರ ಬೆಳಿಗ್ಗೆ ಎಫಿ ತಾನೂ ಚರ್ಚಿಗೆ ಬರುತ್ತೇನೆ ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ದಾರಿಯಲ್ಲಿ ಟೊರ್ಮಡನ ಬಣವೆಯ ಒಂದು ಮೂಲೆ ಖಾಲಿಯಾಗಿತ್ತು, ಚಿಮಣಿಯಿಂದ ಒಡೆದ ಸಿಮೆಂಟಿನ ಚೂರುಗಳು ಗೋಡೆಯಡಿ ಬಿದ್ದಿದ್ದವು. ಸೊಸೆಯ ತೋಳು ಹಿಡಿದು ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಬಂದವಳು, ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು.

ಸಭೆ ತುಂಬಿದ ಮೇಲೆ ಟೊರ್ಮಡ್ ಹಿಂದಿನಿಂದ ನಡೆದು ಬಂದ. ಅವರ ಬೆಂಚನ್ನು ದಾಟುವಾಗ ಅವನ ಕಪ್ಪು ಕೋಟಿನಿಂದ ಪೀಟಿನ ಹೊಗೆಯ ವಾಸನೆ ಬಂತು, ಅಂದೇ ಹತ್ತಿದ ವಾಸನೆ. ಎಫಿ ಮೂಗನ್ನು ಸ್ವಲ್ಪ ಮೇಲೆತ್ತಿದಳು. ಮರ್ಡೀನಾ ಪುಸ್ತಕದ ಪುಟ ತಿರುವಿದಳು. ಅವನು ಮುಂದೆ ಹೋಗಿ ನಿಂತು, ಎರಡು ಸಲ ಕೆಮ್ಮಿ, ಮೊದಲ ಸಾಲನ್ನು ಎತ್ತಿಕೊಟ್ಟ.